ಚೌಕದಲ್ಲಿ ಹಿಡಿಸದ ಹೆಸರು

ಕೆಲವು ವರ್ಷಗಳ ಹಿಂದೆ ನಾನು ನಿರ್ಮಿಸುತ್ತಿದ್ದ ಕಾರ್ಯಕ್ರಮವೊಂದಕ್ಕೆ ಹಿರಿಯ ಜಾನಪದ ಗಾಯಕಿಯೊಬ್ಬರು ಬಂದು ಹಾಡಿ ಹೋದರು. ಅವರಿಗೆ ಸಲ್ಲಬೇಕಾದ ಸಂಭಾವನೆಗಾಗಿ ಒಂದು ಗಣಕಯಂತ್ರ ವ್ಯವಸ್ಥೆಯಲ್ಲಿ ಅವರ ಹೆಸರನ್ನು ತುಂಬಬೇಕಾಗಿತ್ತು. ಅವರ ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಮೊದಲು ಊರಿನ ಹೆಸರಿನ ಒಂದಕ್ಷರ, ಅದರ ಮುಂದೊಂದು ಚುಕ್ಕೆ, ಸ್ವಲ್ಪ ಖಾಲಿ ಜಾಗ, ಆಮೇಲೆ ಹೆಸರು ಇತ್ತು. ನಮ್ಮಲ್ಲಿ ಲಕ್ಷಾಂತರ ಜನರ ಹೆಸರು ಇರುವುದೇ ಹೀಗೆ. ಆದರೆ ಹೆಸರಿನ ಚೌಕ ಚುಕ್ಕೆಯನ್ನು ಒಪ್ಪಲಿಲ್ಲ. ಖಾಲಿ ಜಾಗವನ್ನೂ ಒಪ್ಪಲಿಲ್ಲ. 'ಅಕ್ಷರಗಳು ಮಾತ್ರ' ಎಂದು ಕೆಂಪು ಬಣ್ಣದಲ್ಲಿ ಗದರಿಸಿತು. ಕೊನೆಗೆ ನಮ್ಮ ಸಹಾಯಕರು ಎಲ್ಲವನ್ನೂ ಒಟ್ಟಿಗೆ ಅಂಟಿಸಿ ಕಳುಹಿಸಿದರು. ಖಾತೆಯ ಹೆಸರಿಗೂ ಕಳುಹಿಸಿದ ಹೆಸರಿಗೂ ಹೊಂದಾಣಿಕೆಯಿಲ್ಲವೆಂದು ಹಣ ಹಿಂದಿರುಗಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರು ತಿಂಗಳಾದ ಮೇಲೆ ಆ ತಾಯಿ ದೂರವಾಣಿಯಲ್ಲಿ ಮಾತನಾಡಿ, "ನನ್ನ ಹೆಸರಿನಾಗ ಏನರೆ ತಪ್ಪು ಐತೇನಪ್ಪಾ?" ಎಂದು ಕೇಳಿದರು.

ಎಪ್ಪತ್ತು ವರ್ಷ ಹೊತ್ತು ಬಂದ ಹೆಸರಿನಲ್ಲಿ ತಪ್ಪು ಇರಲು ಹೇಗೆ ಸಾಧ್ಯ? ತಪ್ಪು ಇದ್ದದ್ದು ಚೌಕದಲ್ಲಿ. ಆ ಚೌಕದೊಳಗೆ ಯಾವ ಅಕ್ಷರ ಬರಬಹುದು, ಯಾವುದು ಬರಕೂಡದು ಎಂದು ಯಾರೋ ಒಬ್ಬರು ಎಲ್ಲಿಯೋ ಕುಳಿತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನದ ಹಿಂದೆ ಏನಿದೆ, ಅದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಈ ಹೊತ್ತು ತಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲಿಗೆ ಒಂದು ಮೂಲ ಸಂಗತಿ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ. ಅಂಕಿ ಮಾತ್ರ ಗೊತ್ತು. ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕಿಯನ್ನು ನಿಗದಿ ಮಾಡಿ ನಾವೇ ಅದಕ್ಕೆ ಕಲಿಸಬೇಕು. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಆಸ್ಕಿ' ಎಂಬ ಸಂಕೇತಮಾಲೆಯಲ್ಲಿ ಇದ್ದ ಒಟ್ಟು ಸ್ಥಾನಗಳು 128. ಇಂಗ್ಲಿಷಿನ ಚಿಕ್ಕ ಅಕ್ಷರಗಳು ಸಹ ಅದರೊಳಗೆ ಬಂದದ್ದು 1967ರ ಪರಿಷ್ಕರಣದಲ್ಲಿ. ಅಂದಿನ ರೂಪದಲ್ಲಿ 33 ಸ್ಥಾನಗಳು ಯಂತ್ರವನ್ನು ನಿಯಂತ್ರಿಸುವುದಕ್ಕೆ. ಉಳಿದ 95 ಸ್ಥಾನಗಳಲ್ಲಿ ಅಕ್ಷರ, ಅಂಕಿ, ವಿರಾಮಚಿಹ್ನೆ ಮತ್ತು ಖಾಲಿ ಜಾಗ. ಅಷ್ಟರಲ್ಲಿಯೇ ಇಂಗ್ಲಿಷಿನವರ ಲೋಕ ಮುಗಿಯಿತು. ಫ್ರೆಂಚರ ಒತ್ತುಗುರುತು, ಜರ್ಮನರ ಎರಡು ಚುಕ್ಕೆ, ನಮ್ಮ ಕಾಗುಣಿತ, ಇವುಗಳಿಗೆ ಅಲ್ಲಿ ಸ್ಥಳವಿರಲಿಲ್ಲ.

ಇದು ಹೊಸದೇನೂ ಅಲ್ಲ. ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ನಿಂತುಹೋದ ತಂತಿ ಸೇವೆಯನ್ನು ತಾವು ನೆನಪಿಸಿಕೊಳ್ಳಬಹುದು. ತಂತಿಯ ಭಾಷೆಯಲ್ಲಿ ಪೂರ್ಣವಿರಾಮಕ್ಕೆ ಬದಲಾಗಿ 'ಸ್ಟಾಪ್' ಎಂಬ ಪದವನ್ನೇ ಬರೆಯುತ್ತಿದ್ದ ಕಾಲವೊಂದಿತ್ತು. ಉಪಕರಣ ಕಿರಿದಾಗಿದ್ದಾಗ ಮನುಷ್ಯ ತನ್ನ ಮಾತನ್ನು ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳುತ್ತಾನೆ. ಉಪಕರಣ ಹಿಗ್ಗಿದ ಮೇಲೂ ಕತ್ತರಿಸುವ ಅಭ್ಯಾಸ ಉಳಿದುಕೊಂಡರೆ ಅದು ಮಾತ್ರ ವಿಚಾರ ಮಾಡಬೇಕಾದ ಸಂಗತಿ. ಏಕೆಂದರೆ 1991ರ ಅಕ್ಟೋಬರಿನಲ್ಲಿ ಬಂದ 'ಯೂನಿಕೋಡ್' ಸಂಕೇತಮಾಲೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆಯಿತು. ಇಂದು ಆ ಮಾಲೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಕೇತಗಳಿವೆ. ಸ್ಥಳದ ಅಭಾವ ಎಂಬ ನೆವ ಈಗ ನಿಲ್ಲುವುದಿಲ್ಲ.

ಹಾಗೆಂದು ಎಲ್ಲ ಚೌಕಗಳನ್ನೂ ಬಾಗಿಲಿಲ್ಲದ ಮನೆಯಂತೆ ಬಿಟ್ಟುಬಿಡಬೇಕೆ? ಬೇಕಿಲ್ಲ. ನಿರ್ಬಂಧ ನಮಗೆ ಉಪಕಾರ ಮಾಡುವ ಸಂದರ್ಭಗಳೂ ಇವೆ. ನಮ್ಮ ಅಂಚೆಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರಲ್ಲಿ ಆರು ಅಂಕಿಗಳು. ಮೊದಲನೆಯದು ಎಂದೂ ಸೊನ್ನೆಯಲ್ಲ. ಆ ಚೌಕದಲ್ಲಿ ಅಕ್ಷರ ಬೆರಳಚ್ಚಿಸಿದರೆ ಯಂತ್ರ ತಡೆಯುವುದು ನ್ಯಾಯವೇ. ಬ್ಯಾಂಕುಗಳ ಐಎಫ್‌ಎಸ್‌ಸಿ ಸಂಕೇತವನ್ನು ತೆಗೆದುಕೊಳ್ಳಿ. ಒಟ್ಟು ಹನ್ನೊಂದು ಚಿಹ್ನೆಗಳು. ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯ ಗುರುತು. ಆ ಐದನೆಯ ಸೊನ್ನೆಯನ್ನು ಇಂಗ್ಲಿಷಿನ 'ಓ' ಅಕ್ಷರವೆಂದು ತಿಳಿದು ತಪ್ಪು ಮಾಡುವವರು ಬಹಳ ಮಂದಿ. ಅಲ್ಲಿ ಸೊನ್ನೆ ಬಿಟ್ಟು ಬೇರೇನೂ ಬಾರದಂತೆ ನೋಡಿಕೊಂಡರೆ ಹಣ ದಾರಿ ತಪ್ಪುವುದು ತಪ್ಪುತ್ತದೆ. ಅಮೆರಿಕದಲ್ಲಿ 1981ರಿಂದ ಪ್ರಮಾಣೀಕೃತವಾದ ಹದಿನೇಳು ಚಿಹ್ನೆಗಳ ವಾಹನ ಗುರುತಿನ ಸಂಖ್ಯೆಯಲ್ಲಿ 'ಐ', 'ಓ', 'ಕ್ಯೂ' ಎಂಬ ಮೂರು ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆ ಎಂಬ ಅಂಕಿಗಳೊಡನೆ ಅವು ಗೊಂದಲವಾಗುತ್ತವೆ ಎಂಬುದೇ ಕಾರಣ.

ಇಲ್ಲೆಲ್ಲ ಗಮನಿಸಬೇಕಾದ ಅಂಶವೆಂದರೆ, ಪಿನ್‌ಕೋಡ್ ಆಗಲಿ, ಐಎಫ್‌ಎಸ್‌ಸಿ ಆಗಲಿ, ನಾವೇ ಹೆಣೆದ ಸಂಕೇತಗಳು. ಅವುಗಳ ನಿಯಮ ನಮಗೆ ಪೂರ್ತಿಯಾಗಿ ಗೊತ್ತು. ಮನುಷ್ಯರ ಹೆಸರು ಹಾಗಲ್ಲ. ಅದನ್ನು ಇಟ್ಟವರು ತಾಯಿ ತಂದೆಯರು, ಅಜ್ಜ ಅಜ್ಜಿಯರು. ಅದರ ನಿಯಮವನ್ನು ತಂತ್ರಾಂಶ ಬರೆಯುವವರು ಊಹಿಸಲು ಹೊರಟರೆ ಎಡವುತ್ತಾರೆ. ಚುಕ್ಕೆ, ಖಾಲಿ ಜಾಗ ಬೇಡವೆಂದರೆ ಏನಾಗುತ್ತದೆ ನೋಡಿ. 'ಎ. ಶಾಂತಾ' ಎಂಬ ಹೆಸರಿದೆ ಎಂದು ಭಾವಿಸೋಣ. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಅಂಟಿಸಿ ಬರೆದು ಓದಿದರೆ 'ಅಶಾಂತಾ' ಆಗುತ್ತದೆ! ಒಂದು ಚುಕ್ಕೆ ಹೋದ ಮಾತ್ರಕ್ಕೆ ಶಾಂತಿಯೇ ಹೋಯಿತು.

ನಿರ್ಬಂಧಕ್ಕೆ ಸಾಮಾನ್ಯವಾಗಿ ಕೊಡುವ ಮತ್ತೊಂದು ಕಾರಣ ಭದ್ರತೆ. ಇದು ಸ್ವಲ್ಪ ವಿವರವಾಗಿ ತಿಳಿಯಬೇಕಾದ ವಿಷಯ. ಮಂಗಳೂರಿನ ಕಡೆ ಡಿ'ಸೋಜ, ಡಿ'ಸಿಲ್ವಾ, ಡಿ'ಕುನ್ಹಾ ಎಂಬ ಮನೆತನದ ಹೆಸರುಗಳು ಮನೆಮಾತು. ಇಂಗ್ಲಿಷಿನಲ್ಲಿ ಬರೆಯುವಾಗ 'ಡಿ' ಆದ ಮೇಲೆ ಮೇಲ್ಗಡೆ ಒಂದು ಕೊಂಕುಗುರುತು ಬರುತ್ತದೆ. ಐರ್ಲೆಂಡಿನವರ ಓ'ಬ್ರಯನ್, ಓ'ನೀಲ್ ಹೆಸರುಗಳಲ್ಲಿಯೂ ಅದೇ ಗುರುತು. ಅನೇಕ ಚೌಕಗಳು ಈ ಕೊಂಕನ್ನು ಕಂಡರೆ ಬೆಚ್ಚಿಬೀಳುತ್ತವೆ. ಏಕೆ?

ದತ್ತಾಂಶ ಕೋಶಗಳೊಡನೆ ಮಾತನಾಡುವುದಕ್ಕೆ 'ಎಸ್‌ಕ್ಯೂಎಲ್' ಎಂಬ ಭಾಷೆಯೊಂದಿದೆ. ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಅದರ ಮೂಲರೂಪವನ್ನು ಪ್ರಕಟಿಸಿದರು. ಆ ಭಾಷೆಯಲ್ಲಿ ಹೆಸರು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂದು ತೋರಿಸುವುದು ಇದೇ ಕೊಂಕುಗುರುತು. 'ಶಾಂತಾ' ಎಂದು ಎರಡು ಕೊಂಕುಗಳ ನಡುವೆ ಬರೆದರೆ ಯಂತ್ರಕ್ಕೆ ಅರ್ಥವಾಗುತ್ತದೆ. 'ಡಿ'ಸೋಜ' ಎಂದು ಬರೆದರೆ? 'ಡಿ' ಎಂಬಲ್ಲಿಗೆ ಹೆಸರು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಮುಂದಿನ 'ಸೋಜ'ವನ್ನು ತನಗೆ ಬಂದ ಆಜ್ಞೆಯೆಂದು ಓದಲು ಹೋಗುತ್ತದೆ. ಸೋಜರಿಂದ ಅಪಾಯವಿಲ್ಲ. ಆದರೆ ಕಿಡಿಗೇಡಿಯೊಬ್ಬ ಕೊಂಕು ಹಾಕಿ ಅದರ ಮುಂದೆ ನಿಜವಾದ ಆಜ್ಞೆಯನ್ನೇ ಬರೆದರೆ, 'ಎಲ್ಲರ ಗುಟ್ಟನ್ನೂ ನನಗೆ ತೋರಿಸು' ಎಂದರೆ, ಯಂತ್ರ ವಿಧೇಯವಾಗಿ ತೋರಿಸುತ್ತದೆ. ಈ ಉಪಾಯ 1998ರಲ್ಲಿಯೇ ಬಹಿರಂಗವಾಗಿ ಪ್ರಕಟವಾಗಿತ್ತು. ಹಾಗಿದ್ದೂ 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರಸಂಪರ್ಕ ಸಂಸ್ಥೆಯ 1,56,959 ಗ್ರಾಹಕರ ವಿವರಗಳು ಇದೇ ದಾರಿಯಿಂದ ಕಳವಾದವು. ಮರುವರ್ಷ ಆ ಸಂಸ್ಥೆಗೆ ನಾಲ್ಕು ಲಕ್ಷ ಪೌಂಡ್ ದಂಡ ಬಿತ್ತು.

ಹಾಗಾದರೆ ಕೊಂಕನ್ನು ನಿಷೇಧಿಸುವುದೇ ಸರಿಯಲ್ಲವೆ ಎಂದು ತಾವು ಕೇಳಬಹುದು. ಅಲ್ಲ. ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ದೋಷವಿರುವುದು ಹೆಸರಿನ ಕೊಂಕಿನಲ್ಲಲ್ಲ; ಬಂದ ಮಾತನ್ನೂ ಕೊಡಬೇಕಾದ ಆಜ್ಞೆಯನ್ನೂ ಒಂದೇ ಹಾಳೆಯ ಮೇಲೆ ಬೆರೆಸಿ ಬರೆದ ಪದ್ಧತಿಯಲ್ಲಿ. ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಹೆಸರು ಬರಬೇಕಾದ ಕಡೆ ಜಾಗ ಬಿಟ್ಟು ಯಂತ್ರಕ್ಕೆ ಕೊಡುವುದು. ಆಮೇಲೆ ಹೆಸರನ್ನು ಬೇರೆಯಾಗಿ ತಲುಪಿಸುವುದು. ಅಂಚೆಯವನು ಲಕೋಟೆಯೊಳಗಿನ ಪತ್ರವನ್ನು ಓದಿ ಅದರಂತೆ ನಡೆಯುವುದಿಲ್ಲವಷ್ಟೆ? ವಿಳಾಸ ನೋಡಿ ತಲುಪಿಸುತ್ತಾನೆ. ಹಾಗೆಯೇ, ಬೇರೆಯಾಗಿ ಬಂದ ಹೆಸರಿನಲ್ಲಿ ಏನೇ ಬರೆದಿದ್ದರೂ ಯಂತ್ರ ಅದನ್ನು ಹೆಸರೆಂದೇ ಇಟ್ಟುಕೊಳ್ಳುತ್ತದೆ, ಆಜ್ಞೆಯೆಂದು ಓದುವುದಿಲ್ಲ. ಈ ಕ್ರಮವನ್ನು ಅನುಸರಿಸಿದವರು ಡಿ'ಸೋಜರ ಕೊಂಕಿಗೆ ಹೆದರಬೇಕಾಗಿಲ್ಲ. ಇನ್ನೊಂದು ಮಾತು: ಚೌಕದ ಮುಂದೆ ಇರುವ ತಡೆ ನಿಮ್ಮ ಕಣ್ಣೆದುರಿನ ತೆರೆಯ ಮೇಲೆ ಮಾತ್ರ ಇದ್ದರೆ, ಕಳ್ಳ ಆ ತೆರೆಯನ್ನು ಬಳಸುವುದೇ ಇಲ್ಲ, ಹಿಂಬಾಗಿಲಿನಿಂದ ನೇರವಾಗಿ ಯಂತ್ರಕ್ಕೆ ಕಳುಹಿಸುತ್ತಾನೆ. ತಡೆಯಲ್ಲಿ ಸಿಕ್ಕಿಬೀಳುವವರು ಸಾಧುಗಳು ಮಾತ್ರ.

ಈಗ ನಮ್ಮ ಕನ್ನಡದ ಮಾತಿಗೆ ಬರೋಣ. 'ಅಕ್ಷರಗಳು ಮಾತ್ರ' ಎಂಬ ನಿಯಮ ಕೇಳುವುದಕ್ಕೆ ನಿರಪಾಯಕಾರಿ. ಆದರೆ ಯೂನಿಕೋಡಿನ ಲೆಕ್ಕದಲ್ಲಿ 'ಅಕ್ಷರ' ಎಂಬುದು ಒಂದು ವರ್ಗ, 'ಗುರುತು' ಎಂಬುದು ಬೇರೊಂದು ವರ್ಗ. ನಮ್ಮ ಕ, ಖ, ಗ ಮತ್ತು ಅ, ಆ, ಇ ಮೊದಲನೆಯ ವರ್ಗಕ್ಕೆ ಸೇರುತ್ತವೆ. ಕಾಗುಣಿತದ ಇಳಿ, ಗುಡಿಸು, ಕೊಂಬು, ಏತ್ವ, ಅನುಸ್ವಾರ, ಒತ್ತಕ್ಷರವನ್ನು ತರುವ ಹಲಂತ, ಇವೆಲ್ಲ ಎರಡನೆಯ ವರ್ಗ. ಇಂಗ್ಲಿಷನ್ನು ಮಾತ್ರ ಬಲ್ಲವರು ಬರೆದ ತಂತ್ರಾಂಶ ಅಕ್ಷರಗಳನ್ನು ಉಳಿಸಿ ಗುರುತುಗಳನ್ನು ಕಸವೆಂದು ಗುಡಿಸಿಹಾಕುತ್ತದೆ. ಆಗ 'ಕೃಷ್ಣ' ಎಂಬ ಹೆಸರು 'ಕಷಣ' ಆಗುತ್ತದೆ. 'ಬೆಂಗಳೂರು' 'ಬಗಳರ' ಆಗುತ್ತದೆ. 'ಶಿವಮೊಗ್ಗ' 'ಶವಮಗಗ' ಆಗುತ್ತದೆ. ಇಕಾರವಿಲ್ಲದ ಶಿವ ಶವ ಎಂಬುದು ನಮ್ಮ ಹಿರಿಯರ ಮಾತು. ಅದನ್ನು ಯಂತ್ರ ಹೀಗೆ ಪ್ರತ್ಯಕ್ಷ ಮಾಡಿ ತೋರಿಸೀತೆಂದು ಯಾರು ಎಣಿಸಿದ್ದರು!

ಇನ್ನೂ ಸೂಕ್ಷ್ಮವಾದ ಒಂದು ತೊಂದರೆಯಿದೆ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಎಂಬುದನ್ನು ಬಿಡಿಯಾಗಿ ನಿಲ್ಲಿಸುವುದಕ್ಕೆ ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಬರುತ್ತದೆ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ; ಎರಡು ಅಕ್ಷರಗಳು ಕೂಡಿಕೊಳ್ಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಕಾಣದ ಚಿಹ್ನೆ ಅನುಮಾನಾಸ್ಪದವೆಂದು ಯಂತ್ರ ಅದನ್ನು ತೆಗೆದರೆ 'ರಾಜ್ಕುಮಾರ್' ಎಂದಾಗಿ, 'ಕ' ಅಕ್ಷರ ಹೋಗಿ 'ಜ'ದ ಕೆಳಗೆ ಕೂರುತ್ತದೆ. ಯಾವ ಕನ್ನಡಿಗನ ಕಣ್ಣೂ ಅದನ್ನು ಸಹಿಸಲಾರದು.

ಉದ್ದದ ಮಿತಿಯೂ ಹೀಗೆಯೇ. 'ಕೃಷ್ಣ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಹುಡುಗ ಎರಡು ಎನ್ನುತ್ತಾನೆ. ಯೂನಿಕೋಡಿನ ಲೆಕ್ಕದಲ್ಲಿ ಅದು ಐದು ಸಂಕೇತ. ಇಂದು ಹೆಚ್ಚು ಬಳಕೆಯಲ್ಲಿರುವ 'ಯುಟಿಎಫ್-8' ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಹದಿನೈದು ಬೈಟು. ಮೂವರೂ ಹೇಳಿದ್ದು ಸರಿ! ಮೂವತ್ತು ಬೈಟುಗಳ ಮಿತಿಯ ಚೌಕದಲ್ಲಿ ಇಂಗ್ಲಿಷಿನ ಮೂವತ್ತು ಅಕ್ಷರ ಹಿಡಿದರೆ, ಕನ್ನಡದ ಹತ್ತೇ ಸಂಕೇತಗಳು ಹಿಡಿಯುತ್ತವೆ. ಮೊಬೈಲಿನ ಕಿರುಸಂದೇಶದಲ್ಲಿಯೂ ಇದೇ ಪಾಡು. ಒಂದು ಸಂದೇಶಕ್ಕೆ ಇರುವ ಜಾಗ 140 ಬೈಟು. ಅದರಲ್ಲಿ ಇಂಗ್ಲಿಷಾದರೆ 160 ಚಿಹ್ನೆ, ಕನ್ನಡವಾದರೆ 70 ಸಂಕೇತ.

ಅಂಕಿಗಳ ವಿಷಯವನ್ನು ಗಮನಿಸಿ. ನಮ್ಮ ಸರ್ಕಾರಿ ಬಸ್ಸುಗಳ ಮೇಲೆ ಕನ್ನಡದ ಅಂಕಿಗಳನ್ನು ಕಾಣುತ್ತೇವೆ. ಅವನ್ನೇ ದೂರವಾಣಿ ಸಂಖ್ಯೆಯ ಚೌಕದಲ್ಲಿ ಬರೆದರೆ 'ಅಂಕಿಗಳನ್ನು ಮಾತ್ರ ಬರೆಯಿರಿ' ಎಂಬ ಉತ್ತರ ಬರುವುದುಂಟು. ಕನ್ನಡದ ಅಂಕಿಗಳು ಅಂಕಿಗಳಲ್ಲವೆ? ಕನ್ನಡದ ಸೊನ್ನೆಯಿಂದ ಒಂಬತ್ತರವರೆಗೆ ಯೂನಿಕೋಡಿನ ಸಂಕೇತಗಳು 3302ರಿಂದ 3311. ಇಂಗ್ಲಿಷಿನವು 48ರಿಂದ 57. ಒಂದೊಂದರಿಂದಲೂ 3254 ಕಳೆದರೆ ಮುಗಿಯಿತು, ಒಂದು ಮತ್ತೊಂದಾಗುತ್ತದೆ. ಯಂತ್ರಕ್ಕೆ ಒಂದು ಕಳೆಯುವ ಲೆಕ್ಕ ಮಾಡುವ ಸೋಮಾರಿತನ. ಅದರ ಶಿಕ್ಷೆ ಬರೆಯುವವರಿಗೆ.

ಆದರೆ ಇಲ್ಲಿಯೇ ಮತ್ತೊಂದು ಮುಖವನ್ನೂ ನೋಡಬೇಕು. ಕನ್ನಡದ ಸೊನ್ನೆ ಅಂಕಿಗೂ ಅನುಸ್ವಾರಕ್ಕೂ ನೋಡುವುದಕ್ಕೆ ವ್ಯತ್ಯಾಸವಿಲ್ಲ. ಸಂಕೇತಗಳು ಮಾತ್ರ ಬೇರೆ. ಅನುಸ್ವಾರದ ಕಡೆ ಸೊನ್ನೆಯನ್ನು ಬೆರಳಚ್ಚಿಸಿದ ಹೆಸರು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಮುಂದೆ ಹುಡುಕಿದಾಗ ಸಿಕ್ಕುವುದಿಲ್ಲ. ಇಂತಹ ಸೋಗಿನ ಅಕ್ಷರಗಳಿಂದ ಮೋಸವನ್ನೂ ಮಾಡಬಹುದು. ಅಂತರಜಾಲದ ವಿಳಾಸದಲ್ಲಿ ಇಂಗ್ಲಿಷಿನ 'ಓ', 'ಸಿ' ಅಕ್ಷರಗಳ ಬದಲು ಅವುಗಳನ್ನೇ ಹೋಲುವ ರಷ್ಯನ್ ಅಕ್ಷರಗಳನ್ನಿಟ್ಟು, ಮೈಕ್ರೋಸಾಫ್ಟ್ ಸಂಸ್ಥೆಯದರಂತೆಯೇ ಕಾಣುವ ವಿಳಾಸವನ್ನು ನೋಂದಾಯಿಸಬಹುದೆಂದು ಇಸ್ರೇಲಿನ ಇಬ್ಬರು ಸಂಶೋಧಕರು 2002ರಲ್ಲಿ ಮಾಡಿ ತೋರಿಸಿದರು. ಆದುದರಿಂದ ವಿಳಾಸಗಳ ವಿಷಯದಲ್ಲಿ ಯಾವ ಲಿಪಿಯೊಡನೆ ಯಾವುದು ಬೆರೆಯಬಾರದು ಎಂಬ ಬಿಗಿಯಾದ ನಿಯಮಗಳು ಬೇಕೇ ಬೇಕು. ವಿಳಾಸ ಎಂಬುದು ಎಲ್ಲರೂ ನಂಬಿ ನಡೆಯುವ ದಾರಿಯ ಗುರುತು. ಹೆಸರು ಒಬ್ಬರ ಸ್ವಂತ ಸೊತ್ತು. ಎರಡಕ್ಕೂ ಒಂದೇ ಅಳತೆಗೋಲು ಸಲ್ಲದು.

ಪಾಸ್‌ಪೋರ್ಟಿನಲ್ಲಿ ಈ ವಿವೇಕವನ್ನು ಕಾಣಬಹುದು. ಅದರ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆ, ಒಂದೊಂದರಲ್ಲಿ 44 ಚಿಹ್ನೆ. ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಖಾಲಿ ತುಂಬುವ ಒಂದು ಗುರುತು, ಇಷ್ಟೇ ಅಲ್ಲಿ ಸಲ್ಲುತ್ತವೆ. ಡಿ'ಸೋಜರ ಕೊಂಕು ಅಲ್ಲಿ ಬಿದ್ದುಹೋಗುತ್ತದೆ. ಪ್ರಪಂಚದ ಎಲ್ಲ ವಿಮಾನ ನಿಲ್ದಾಣಗಳ ಯಂತ್ರಗಳೂ ಓದಬೇಕಾದ್ದರಿಂದ ಅದು ಅನಿವಾರ್ಯ. ಆದರೆ ಅದೇ ಪುಟದ ಮೇಲ್ಭಾಗದಲ್ಲಿ ಮನುಷ್ಯರು ಓದುವುದಕ್ಕೆ ಹೆಸರನ್ನು ಬೇರೆಯಾಗಿ ಬರೆಯುವ ವ್ಯವಸ್ಥೆಯಿದೆ. ಯಂತ್ರಕ್ಕೆ ಬೇಕಾದ ರೂಪವನ್ನು ಯಂತ್ರಕ್ಕೆ ಕೊಟ್ಟು, ಹೆಸರಿಗೂ ಅದರದೇ ಒಂದು ಜಾಗ ಉಳಿಸಿದ್ದಾರೆ.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆಯೂ ಹೌದು. ಬೆಲ್ಜಿಯಂ ದೇಶದಲ್ಲಿ ಬ್ಯಾಂಕೊಂದರ ಗ್ರಾಹಕರೊಬ್ಬರು ತಮ್ಮ ಹೆಸರಿನ ಒತ್ತುಗುರುತನ್ನು ಸರಿಯಾಗಿ ಬರೆಯಬೇಕೆಂದು ಕೇಳಿದರು. ನಮ್ಮ ಹಳೆಯ ಗಣಕ ವ್ಯವಸ್ಥೆಗೆ ಅದು ಸಾಧ್ಯವಿಲ್ಲವೆಂದು ಬ್ಯಾಂಕು ಕೈಚೆಲ್ಲಿತು. 2019ರ ಅಕ್ಟೋಬರ್ 9ರಂದು ಬ್ರಸೆಲ್ಸ್‌ನ ಮೇಲ್ಮನವಿ ನ್ಯಾಯಾಲಯ ಆ ನೆವವನ್ನು ಒಪ್ಪಲಿಲ್ಲ. ತನ್ನ ಬಗೆಗಿನ ತಪ್ಪು ವಿವರವನ್ನು ತಿದ್ದಿಸಿಕೊಳ್ಳುವ ಹಕ್ಕು ಐರೋಪ್ಯ ಕಾನೂನಿನಲ್ಲಿದೆ. ಹೆಸರಿನ ಒತ್ತುಗುರುತೂ ಅದಕ್ಕೆ ಸೇರುತ್ತದೆ ಎಂದಿತು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 12ನೆಯ ಕಲಂ ಸಹ ತಿದ್ದುಪಡಿಯ ಹಕ್ಕನ್ನು ಹೇಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ತಂತ್ರಾಂಶ ಬರೆಯುವ ನಮ್ಮ ಯುವಕ ಯುವತಿಯರಲ್ಲಿ ಮೂರು ಮಾತುಗಳನ್ನು ಬಿನ್ನವಿಸುತ್ತೇನೆ. ಮೊದಲನೆಯದು, ಮನುಷ್ಯ ನಿರ್ಮಿಸಿದ ಸಂಕೇತಕ್ಕೆ ಬೇಲಿ ಹಾಕಿ. ಮನುಷ್ಯನ ಹೆಸರಿಗೆ ಹಾಕಬೇಡಿ. ಎರಡನೆಯದು, ತಿದ್ದಿಕೊಳ್ಳಬಹುದಾದುದನ್ನು ತಡೆಯಬೇಡಿ. ಕನ್ನಡದ ಅಂಕಿ ಬಂದರೆ ಪರಿವರ್ತಿಸಿಕೊಳ್ಳಿ. ಸಂಖ್ಯೆಯ ನಡುವೆ ಖಾಲಿ ಜಾಗ ಬಂದರೆ ನೀವೇ ತೆಗೆದುಕೊಳ್ಳಿ. ಕಳುಹಿಸುವಾಗ ಕಟ್ಟುನಿಟ್ಟು, ಸ್ವೀಕರಿಸುವಾಗ ಉದಾರ ಎಂಬ ತತ್ತ್ವವನ್ನು ಅಂತರಜಾಲವನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿಯೇ ಬರೆದಿಟ್ಟರು. ಮೂರನೆಯದು, ತಡೆಯಲೇಬೇಕಾದಾಗ ಯಾವ ಚಿಹ್ನೆ ಸಲ್ಲದು, ಏಕೆ ಸಲ್ಲದು, ಬದಲಿಗೆ ಏನು ಬರೆಯಬೇಕು ಎಂದು ಕನ್ನಡದಲ್ಲಿ ಹೇಳಿ. 'ಅಮಾನ್ಯ' ಎಂಬ ಒಂದೇ ಪದವನ್ನು ಮುಖಕ್ಕೆ ಎಸೆಯಬೇಡಿ.

ಜನಸಾಮಾನ್ಯರಾದ ನಮಗೂ ಒಂದು ಹೊಣೆಯಿದೆ. ಚೌಕ ನಮ್ಮ ಹೆಸರನ್ನು ಒಪ್ಪದಿದ್ದಾಗ ಹೆಸರನ್ನು ಬದಲಿಸಿಕೊಂಡು ಸುಮ್ಮನಾಗುತ್ತೇವೆ. ಹತ್ತು ಕಚೇರಿಗಳಲ್ಲಿ ಹತ್ತು ರೂಪದ ಹೆಸರಾಗಿ, ಕೊನೆಗೆ ಪಿಂಚಣಿಗೋ ವಾರಸುದಾರಿಕೆಗೋ ಹೋದಾಗ ಅವರೇ ಇವರು ಎಂದು ಪ್ರಮಾಣಪತ್ರ ತರಬೇಕಾಗುತ್ತದೆ. ಅದರ ಬದಲು ಅಲ್ಲಿಯೇ ಒಂದು ದೂರನ್ನು ಬರೆದು ಕೊಡುವುದು ಲೇಸು. ಕಾಪಾಡಬೇಕಾದ ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಬೇಲಿ ಹಾಕಿದವರಿಗೆ ಯಾರಾದರೂ ತಿಳಿಸಬೇಕಲ್ಲ.

ಆ ಗಾಯಕಿಯ ಸಂಭಾವನೆ ಏನಾಯಿತೆಂದು ತಾವು ಕೇಳಬಹುದು. ಕೊನೆಗೆ ಕಾಗದದ ಮೇಲೆ ಬರೆದು, ಸಹಿ ಹಾಕಿ, ಚೆಕ್ಕಿನ ಮೂಲಕ ಕಳುಹಿಸಿದೆವು. ಚೆಕ್ಕಿನ ಮೇಲೆ ಊರಿನ ಅಕ್ಷರವನ್ನೂ ಅದರ ಮುಂದಿನ ಚುಕ್ಕೆಯನ್ನೂ ನಮ್ಮ ಲೆಕ್ಕಪತ್ರದವರು ಸ್ಪಷ್ಟವಾಗಿ ಇಟ್ಟಿದ್ದರು. ಅದು ತಲುಪಿದ ದಿನ ಆಕೆ ಮತ್ತೆ ದೂರವಾಣಿ ಮಾಡಿದರು. ಹಣದ ಮಾತು ಆಡಲಿಲ್ಲ. "ಹೆಸರು ಸರಿ ಬರೆದೀರಿ" ಎಂದಷ್ಟೇ ಹೇಳಿದರು.